ಸಂಜೆವರೆಗೂ ಬಾಳುವ ಫೋನು

ನಮ್ಮ ಹನ್ನೊಂದು ಜನರಲ್ಲಿ ಹೆಂಗಸು ಅಂತ ಇದ್ದವರು ಅಕ್ಕ ಒಬ್ಬರೇ. ನೀರು ಸರಬರಾಜಿನ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ನಾವು ಮೀಟರ್ ಓದುವವರು. ಬೆಳಿಗ್ಗೆ ಎಂಟಕ್ಕೆ ಬೀದಿಗಿಳಿದರೆ ಮನೆ ಮುಂದಿನ ಕಬ್ಬಿಣದ ಮುಚ್ಚಳ ಎತ್ತುವುದು, ಗುಂಡಿಗೆ ಬಗ್ಗುವುದು, ಗಾಜಿನ ಮೇಲಿನ ಕೆಸರು ಒರೆಸಿ ಅಂಕಿ ನೋಡುವುದು, ಮುಚ್ಚಳ ಹಾಕಿ ಪಕ್ಕದ ಮನೆಗೆ ಹೋಗುವುದು. ಅಕ್ಕನಿಗೆ ಆಗ ನಲವತ್ತಾರು ವರ್ಷ. ಅದಕ್ಕೆ ಮೊದಲು ಒಂದು ಟಿ.ವಿ. ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೆಸುಗೆ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಗಂಡ ಬಡಗಿ, ಮಾತು ಕಡಿಮೆ. ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ಮೊದಲು ನಾವು ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಕಂಪನಿ ಎಲ್ಲರ ಕೈಗೂ ಒಂದೊಂದು ಫೋನು ಕೊಟ್ಟಿತು. ಮೀಟರಿನ ಫೋಟೋ ತೆಗೆದರೆ ಅದು ಅಲ್ಲಿಂದಲೇ ಆಫೀಸಿಗೆ ಹೋಗುತ್ತದೆ, ನಾವು ಯಾವ ಬೀದಿಯಲ್ಲಿದ್ದೇವೆ ಅನ್ನುವುದೂ ಹೋಗುತ್ತದೆ. ಹೋಗಲಿ ಬಿಡಿ, ನಾವೇನು ಕದಿಯಲು ಹೋದವರೇ? ಆದರೆ ಆ ಫೋನು ಮಧ್ಯಾಹ್ನ ಒಂದು ಗಂಟೆಗೆಲ್ಲ ಸಾಯುತ್ತಿತ್ತು. ಸತ್ತ ಫೋನಿನಲ್ಲಿ ಫೋಟೋ ಇಲ್ಲ, ಫೋಟೋ ಇಲ್ಲದ ಮನೆಗೆ ನಾವು ಹೋಗಿಲ್ಲ ಅಂತ ಲೆಕ್ಕ, ಹೋಗದಿದ್ದರೆ ಅರ್ಧ ದಿನ ಗೈರುಹಾಜರಿ. ಚಾರ್ಜರ್ ಹಿಡಿದುಕೊಂಡು ಟೀ ಅಂಗಡಿಯವನ ಮುಂದೆ, ಟೈಲರ್ ಮುಂದೆ, ಯಾರ್‍ಯಾರದೋ ಜಗಲಿ ಮುಂದೆ ಹಲ್ಲು ಗಿಂಜುವುದೇ ನಮ್ಮ ಪಾಡಾಯಿತು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದರು. ಅವರನ್ನು ಎಲ್ಲರೂ ಹಿರಿಯಣ್ಣ ಅನ್ನುತ್ತಿದ್ದೆವು. ಒಂದು ದಿನ ಅವರು ಒಂದು ಮನೆಯ ವರಾಂಡದಲ್ಲಿ ಪ್ಲಗ್ ಕಂಡು, ಕೇಳೋಣ ಅಂತ ಬಾಗಿಲು ತಟ್ಟಿದರು. ಯಾರೂ ಬರಲಿಲ್ಲ. ಹತ್ತು ನಿಮಿಷ ಅಂದುಕೊಂಡು ಚಾರ್ಜರ್ ಸಿಕ್ಕಿಸಿ ಕೂತರು. ಅಷ್ಟರಲ್ಲಿ ಮನೆಯವನು ಬಂದ. ಕರೆಂಟು ಕಳ್ಳ ಅಂತ ಬೀದಿಯವರೆಲ್ಲ ಸೇರುವ ಹಾಗೆ ಕೂಗಾಡಿ, ಅವರ ಚಾರ್ಜರ್ ಕಿತ್ತು ಚರಂಡಿಗೆ ಎಸೆದ. ಪಕ್ಕದ ಬೀದಿಯಲ್ಲಿದ್ದ ಅಕ್ಕ ಗಲಾಟೆ ಕೇಳಿ ಓಡಿ ಬಂದಾಗ ಹಿರಿಯಣ್ಣ ಚರಂಡಿಗೆ ಕೈ ಹಾಕಿ ಅದನ್ನು ಹುಡುಕುತ್ತಿದ್ದರಂತೆ. ಅರುವತ್ತು ವರ್ಷದ ಮನುಷ್ಯ. ಅಕ್ಕ ಈ ಸಂಗತಿಯನ್ನು ನಮಗೆ ಹೇಳುವಾಗ ಅತ್ತಿದ್ದಿಲ್ಲ. ಆ ದಿನ ಊಟದ ಡಬ್ಬಿ ತೆರೆಯದೆ ವಾಪಸ್ ತೆಗೆದುಕೊಂಡು ಹೋದರು, ಅಷ್ಟೇ.

ಅಕ್ಕನ ಸ್ವಂತ ಫೋನೂ ಅದೇ ಮಾದರಿಯದ್ದು. ಕಂಪನಿಯ ಆ್ಯಪನ್ನು ಅದಕ್ಕೂ ಹಾಕಿಕೊಂಡು ಅದರ ಮೇಲೆ ಪ್ರಯೋಗ ಶುರು ಮಾಡಿದರು. ಫೋನುಗಳನ್ನು ಬಿಚ್ಚಿ ನೋಡುವ ಚಪಲದವರು ಪ್ರಪಂಚದ ತುಂಬ ಇದ್ದಾರಂತೆ, ತಾವು ಕಂಡುಕೊಂಡದ್ದನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬರೆದು ಹಾಕುತ್ತಾರಂತೆ. ಬಾರದ ಭಾಷೆಯನ್ನು ನಿಘಂಟು ಇಟ್ಟುಕೊಂಡು ಓದಿದರು. ಮಗಳ ಲ್ಯಾಪ್‌ಟಾಪ್ ಕೂಡ ಇವರ ಪಾಲಾಯಿತು. ಒಂದೊಂದು ಸಲ ಬದಲಾಯಿಸಿದ್ದನ್ನು ಫೋನಿಗೆ ಸಿದ್ಧ ಮಾಡಲು ಅದು ನಾಲ್ಕು ಗಂಟೆ ಗುರ್‌ಗುಟ್ಟುತ್ತ, ದೋಸೆ ಹೆಂಚಿನ ಹಾಗೆ ಕಾಯುತ್ತ ಕೂರುತ್ತಿತ್ತು. ಮಗಳು ಪುಸ್ತಕ ಹಿಡಿದುಕೊಂಡು ಎದುರಿಗೆ ಕಾಯುತ್ತಿದ್ದಳು. ಪರೀಕ್ಷೆ ಬರೆಯುವವಳು ನಾನೋ ನೀನೋ ಅಂತ ತಾಯಿಯನ್ನು ಕೇಳಿದ್ದಳಂತೆ.

ಅವರು ಮಾಡುತ್ತಿದ್ದುದು ಏನು ಅಂತ ನಾನೊಂದು ದಿನ ಕೇಳಿದೆ. ಫೋನಿನೊಳಗೆ ಕರ್ನೆಲ್ ಅನ್ನುವುದೊಂದು ಇದೆ, ಅದು ಕಟ್ಟಡದ ಕೆಲಸದ ಮೇಸ್ತ್ರಿ ಇದ್ದ ಹಾಗೆ ಅಂದರು. ಯಾವ ಆಳು ಎದ್ದು ಕೆಲಸ ಮಾಡಬೇಕು, ಯಾರು ಮಲಗಬಹುದು, ಯಾರು ಎಷ್ಟು ಜೋರಾಗಿ ಓಡಬೇಕು ಅಂತ ಹೇಳುವವನು ಅವನೇ. ನಮ್ಮ ಫೋನಿನ ಮೇಸ್ತ್ರಿಗೆ ಬುದ್ಧಿ ಇಲ್ಲ. ಒಂದು ಫೋಟೋ ತೆಗೆದರೆ ಒಳಗಿರುವ ಎಂಟೂ ಆಳುಗಳನ್ನು ಎಬ್ಬಿಸಿ ಓಡಿಸುತ್ತಾನೆ, ಕೆಲಸ ಮುಗಿದ ಮೇಲೂ ನಿಂತೇ ಇರಿ ಅನ್ನುತ್ತಾನೆ. ಕಂಪನಿಯ ಆ್ಯಪ್ ಐದೈದು ಸೆಕೆಂಡಿಗೆ ಬಂದು ತಟ್ಟಿದರೆ ಸಾಕು, ಇಡೀ ಮನೆಗೆ ದೀಪ ಹಾಕುತ್ತಾನೆ.

"ಆ ಮೇಸ್ತ್ರಿಯನ್ನ ತೆಗೆದು ನನ್ನ ಮೇಸ್ತ್ರಿಯನ್ನ ಇಡ್ತೀನಿ," ಅಂದರು. "ಎರಡು ಆಳು ಸಾಕು ಅನ್ನೋ ಕಡೆ ಎರಡೇ ಎಬ್ಬಿಸೋನು."

ಒಂದು ವಾರ ಅವರ ಫೋನು ಕಲ್ಲಾಗಿ ಬಿದ್ದಿತ್ತು, ಒತ್ತಿದರೂ ಉಸಿರಿಲ್ಲ. ಅದನ್ನು ಬದುಕಿಸಿದರು. ಆಮೇಲೆ ಒಳಗಿನ ಚಿಪ್‌ಗೆ ಹೋಗುವ ವಿದ್ಯುತ್ತನ್ನು ಚೂರು ಚೂರೇ ಇಳಿಸುತ್ತ ಬಂದರು. ಒಂದು ಹಂತ ದಾಟಿದರೆ ಫೋನು ನಡುಬೀದಿಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಆಗ ಒಂದು ಹೆಜ್ಜೆ ಹಿಂದೆ. ಒಂದು ರೂಲು ಪುಸ್ತಕದಲ್ಲಿ ಯಾವ ಬೀದಿಯಲ್ಲಿ ಎಷ್ಟು ಗಂಟೆಗೆ ಎಷ್ಟು ಬ್ಯಾಟರಿ ಉಳಿದಿತ್ತು ಅಂತ ದಿನವೂ ಗುರುತು ಹಾಕುತ್ತಿದ್ದರು. ಆ್ಯಪನ್ನು ಮಾತ್ರ ಮುಟ್ಟಲಿಲ್ಲ. ಆಫೀಸಿಗೆ ಹೋಗುವ ಫೋಟೋ, ಜಾಗ, ಹೊತ್ತು ಎಲ್ಲ ಸರಿಯಾಗಿಯೇ ಹೋಗಬೇಕು, ಅದರಲ್ಲಿ ಮೋಸ ಇರಬಾರದು ಅನ್ನುವುದು ಅವರ ಹಟ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಐದೂವರೆಗೆ ನನ್ನ ಮುಂದೆ ಫೋನು ಹಿಡಿದರು. ಬ್ಯಾಟರಿ ಇನ್ನೂ ಶೇಕಡ ನಲವತ್ತೊಂದು ಅಂತ ತೋರಿಸುತ್ತಿತ್ತು.

ಮುಂದಿನ ಭಾನುವಾರ ನಾವು ಹತ್ತು ಜನ ಆಫೀಸು ಫೋನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆವು. ಯಾರೂ ಬಲವಂತ ಮಾಡಿದ್ದಲ್ಲ. ಏನು ಬದಲಾಗುತ್ತದೆ, ಕೆಟ್ಟರೆ ಏನಾಗಬಹುದು ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದರು, ಬೇಡ ಅನ್ನುವವರು ಈಗಲೇ ಎದ್ದು ಹೋಗಬಹುದು ಅಂದರು. ಯಾರೂ ಏಳಲಿಲ್ಲ. ಮರದ ಹೊಟ್ಟು ಚೆಲ್ಲಿದ್ದ ಅಂಗಳದಲ್ಲಿ ಅರ್ಧ ಮಾಡಿದ ಬಾಗಿಲುಗಳ ಮೇಲೆ ಸಾಲಾಗಿ ಕೂತು, ಆಸ್ಪತ್ರೆಗೆ ಬಂದವರ ಹಾಗೆ ಸರದಿ ಕಾದೆವು. ಬಡಗಿ ಭಾವ ಎಲ್ಲರಿಗೂ ಟೀ ಮಾಡಿಕೊಟ್ಟರು.

ಆಮೇಲಿನ ಎರಡು ತಿಂಗಳು ನಮಗೆ ಹಬ್ಬ ಇದ್ದ ಹಾಗೆ. ದಿನಕ್ಕೆ ನೂರಿಪ್ಪತ್ತು ಮನೆ, ಮೂರು ಗಂಟೆಗೆಲ್ಲ ಮುಗಿಯುತ್ತಿತ್ತು. ಯಾರ ಮನೆಯ ಪ್ಲಗ್ಗೂ ಬೇಡ. ಹಿರಿಯಣ್ಣ ಅಕ್ಕನನ್ನು ಕಂಡಲ್ಲೆಲ್ಲ ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಅನ್ನುತ್ತಿದ್ದರು.

ನಮ್ಮ ಮೇಲ್ವಿಚಾರಕ ನಮಗಿಂತ ಚಿಕ್ಕವನು, ಕಂಪ್ಯೂಟರಿನ ಮುಂದೆ ಕೂತಿರುವವನು. ಹನ್ನೊಂದು ಜನರ ಫೋನೂ ಸಂಜೆವರೆಗೆ ಜೀವಂತ ಇರುವುದು, ಕೆಲಸ ಮಾತ್ರ ಮೂರಕ್ಕೇ ಮುಗಿಯುವುದು ಅವನ ಪರದೆಯ ಮೇಲೆ ಕಾಣದೆ ಇರುತ್ತದೆಯೇ? ಒಂದು ಸೋಮವಾರ ಎಲ್ಲರನ್ನೂ ನಿಲ್ಲಿಸಿಕೊಂಡು, ನಾಳೆಯಿಂದ ದಿನಕ್ಕೆ ನೂರ ಎಪ್ಪತ್ತು ಮನೆ ಅಂದ. ಆಗೋದಿಲ್ಲ ಸಾರ್ ಅಂತ ಯಾರೋ ಗೊಣಗಿದರು.

"ಫೋನು ಸಂಜೆವರೆಗೆ ಇರುತ್ತೆ ಅಂದ್ಮೇಲೆ ನೀವೂ ಇರಬಹುದಲ್ಲ," ಅಂದ. ದನಿ ಏರಿಸಲಿಲ್ಲ.

ನೂರ ಎಪ್ಪತ್ತು ಮುಚ್ಚಳ ಎತ್ತಿ ಹಾಕಿದವರಿಗೇ ಗೊತ್ತು ಅದರ ಕಷ್ಟ. ಊಟವನ್ನು ನಿಂತೇ ಬಾಯಿಗೆ ತುರುಕಿಕೊಂಡು ಓಡಬೇಕಾಯಿತು. ಆಗ ನಮಗೆ ಅರ್ಥವಾದ ಒಂದು ಸತ್ಯವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ: ಹಳೆಯ ಫೋನು ಸತ್ತಾಗ ನಾವು ಬೈದುಕೊಂಡೇ ಆದರೂ ಅರ್ಧ ಗಂಟೆ ನೆರಳಲ್ಲಿ ಕೂರುತ್ತಿದ್ದೆವು. ಅದೂ ಹೋಯಿತು. ಮೆಲ್ಲಗೆ ಮಾತು ಅಕ್ಕನ ಕಡೆ ತಿರುಗಿತು. ಇವಳ್ಯಾಕೆ ಬೇಕಿಲ್ಲದ ಉಸಾಬರಿಗೆ ಹೋದಳು, ದೊಡ್ಡ ಇಂಜಿನಿಯರು ಅಂತ ತಿಳಿದುಕೊಂಡಿದ್ದಾಳೆ ಅಂತ ಹಿಂದೆ ಆಡಿಕೊಂಡರು. ನಾನೂ ನಕ್ಕೆ.

ಅಕ್ಕನ ಕಿವಿಗೆ ಇದೆಲ್ಲ ಬಿದ್ದಿತ್ತು. ಹನ್ನೊಂದು ಜನವೂ ಒಟ್ಟಿಗೆ ಹೋಗಿ ನೂರ ಎಪ್ಪತ್ತು ಸಾಧ್ಯವಿಲ್ಲ ಅಂತ ಹೇಳೋಣ ಅಂದರು. ಬ್ಯಾಟರಿ ಉಳಿಸುವುದು ತನ್ನೊಬ್ಬಳಿಂದ ಆಯಿತು, ಇದು ಒಬ್ಬಳಿಂದ ಆಗುವುದಲ್ಲ ಅಂದರು. ಎಲ್ಲರೂ ಹೂಂಗುಟ್ಟಿದೆವು. ಹೋಗಬೇಕಾದ ದಿನ ಆಫೀಸಿನ ಬಾಗಿಲಲ್ಲಿ ಅವರ ಜೊತೆ ನಿಂತವರು ಹಿರಿಯಣ್ಣ ಒಬ್ಬರೇ. ನಾನು ಎದುರಿನ ಟೀ ಅಂಗಡಿಯಲ್ಲಿ ಲೋಟ ಹಿಡಿದುಕೊಂಡು ಕಂಬದ ಮರೆಯಲ್ಲಿದ್ದೆ. ಐದು ನಿಮಿಷಕ್ಕೇ ಇಬ್ಬರೂ ಹೊರಗೆ ಬಂದರು.

ಹಿರಿಯಣ್ಣನ ಮಂಡಿ ಕೈಕೊಟ್ಟಿದ್ದು ಆ ತಿಂಗಳೇ. ಗುಂಡಿಗೆ ಬಗ್ಗಿದರೆ ಏಳಲಾಗುತ್ತಿರಲಿಲ್ಲ, ಗೇಟು ಹಿಡಿದುಕೊಂಡು ಏಳುತ್ತಿದ್ದರು. ಒಂದು ದಿನ ನನ್ನೆದುರಿಗೇ ಅಕ್ಕನಿಗೆ ಫೋನು ಚಾಚಿದರು.

"ನನ್ನದನ್ನ ಮೊದಲಿನ ಹಾಗೇ ಮಾಡಿಕೊಡು ತಂಗಿ. ಮಧ್ಯಾಹ್ನ ಸಾಯಲಿ ಅದು."

"ಎಲ್ಲರದೂ ನಡೀತಿರುವಾಗ ನಿಮ್ಮದೊಂದೇ ನಿಂತರೆ ಅವರ ಕಣ್ಣಿಗೆ ಬೀಳುತ್ತೆ ಅಣ್ಣ," ಅಂದರು ಅಕ್ಕ.

"ಬೀಳಲಿ. ನನಗೆ ಕೂರಬೇಕು."

ಅಕ್ಕ ಎರಡು ದಿನ ತಡೆದು ನೋಡಿದರು, ಕೊನೆಗೆ ಮಾಡಿಕೊಟ್ಟರು. ಹತ್ತು ದಿನವೂ ಆಗಲಿಲ್ಲ. ಹತ್ತು ಫೋನು ಸರಿಯಿರುವಾಗ ಇದೊಂದೇ ಯಾಕೆ ಸಾಯುತ್ತದೆ ಅಂತ ಮೇಲ್ವಿಚಾರಕ ಹಿರಿಯಣ್ಣನ ಫೋನನ್ನು ಕಂಪನಿಯ ತಂತ್ರಜ್ಞನಿಗೆ ಕಳಿಸಿದ. ಅದರಲ್ಲಿ ದೋಷವಿಲ್ಲ, ಕಂಪನಿ ಕೊಟ್ಟ ಹಾಗೇ ಇದೆ ಅಂದ ಅವನು ಉಳಿದವನ್ನೂ ತರಿಸಿ ನೋಡಿದ. ಬದಲಾಗಿದ್ದುದು ಉಳಿದ ಹತ್ತು. ಅವನು ಅದನ್ನು ಮೆಚ್ಚಿಕೊಂಡನಂತೆ, ಯಾರೋ ತಿಳಿದವರು ಮಾಡಿದ ಕೆಲಸ ಅಂದನಂತೆ. ಆ ತಿಳಿದವರು ಯಾರು ಅಂತ ಆಫೀಸಿನವರು ಹುಡುಕಬೇಕಾಗಲಿಲ್ಲ, ನಮ್ಮಲ್ಲಿ ಟಿ.ವಿ. ಕಾರ್ಖಾನೆಯಿಂದ ಬಂದವರು ಅಕ್ಕ ಒಬ್ಬರೇ.

ಹಿರಿಯಣ್ಣನಿಗೆ ವಯಸ್ಸಾಯಿತು ಅಂತ ಹೇಳಿ ಅದೇ ವಾರ ಕಳಿಸಿಬಿಟ್ಟರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ ಇತ್ತು. ನಮ್ಮ ಗಮನಕ್ಕೆ ತಾರದೆ ಇಂಥವರು ನಮ್ಮ ಫೋನುಗಳನ್ನು ತಿದ್ದಿದ್ದಾರೆ ಅಂತ ಅಕ್ಕನ ಹೆಸರು ಹಾಕಿ ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ತಪ್ಪು ಅವರೊಬ್ಬರದು, ಇಲ್ಲದಿದ್ದರೆ ಎಲ್ಲರದೂ ಅಂತ ಮೇಲ್ವಿಚಾರಕ ತಿಳಿಸಿದ. ನನ್ನ ಸಹಿ ನಾಲ್ಕನೆಯದು. ಮೊದಲನೆಯದಲ್ಲವಲ್ಲ ಅಂತ ಹೊರಗೆ ಬಂದು ಸಮಾಧಾನ ಹೇಳಿಕೊಂಡೆ. ಒಂಬತ್ತೂ ಸಹಿ ಬಿದ್ದವು.

ಮಾರನೆಯ ದಿನ ಎಲ್ಲರ ಮುಂದೆ ಆ ಕಾಗದ ಓದಿದರು. ಅಕ್ಕ ಪೂರ್ತಿ ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು.

"ನಾನು ನಿಮಗೆ ಹೇಳದೆ ಮಾಡಿದ್ನಾ?"

ನಾನು ಗೋಡೆಯ ಮೇಲಿದ್ದ ಬೀದಿಗಳ ನಕ್ಷೆ ನೋಡುತ್ತ ನಿಂತೆ. ಅಕ್ಕ ಇನ್ನೊಂದು ಸಲ ಕೇಳಲಿಲ್ಲ. ಫೋನು, ಗುರುತಿನ ಚೀಟಿ, ಮುಚ್ಚಳ ಎತ್ತುವ ಕೊಕ್ಕೆ, ಮೂರನ್ನೂ ಮೇಜಿನ ಮೇಲಿಟ್ಟು ಹೋದರು.

ತಿದ್ದಿದ ಫೋನುಗಳನ್ನು ಕಂಪನಿ ಮೊದಲಿನ ಹಾಗೆ ಮಾಡಿತು ಅಂದುಕೊಂಡಿರಾ? ಇಲ್ಲ. ಅಕ್ಕನನ್ನು ಕಳಿಸಿದರು, ಅಕ್ಕನ ಕೆಲಸವನ್ನು ಇಟ್ಟುಕೊಂಡರು. ಎರಡು ತಿಂಗಳಲ್ಲಿ ಉಳಿದ ವಿಭಾಗಗಳ ಫೋನುಗಳಿಗೂ ಅದೇ ಬಂತು, ಅಲ್ಲಿಯೂ ನೂರ ಎಪ್ಪತ್ತಾಯಿತು. ಮೇಲ್ವಿಚಾರಕನಿಗೆ ಮೇಲಿನ ಹುದ್ದೆ ಸಿಕ್ಕಿತು. ಅಕ್ಕ ಮೂರು ಕಡೆ ಕೆಲಸ ಕೇಳಿದರಂತೆ. ಹಿಂದಿನ ಕಡೆ ಯಾಕೆ ಬಿಡಿಸಿದರು ಅನ್ನುವ ಪ್ರಶ್ನೆಯಲ್ಲೇ ಮಾತು ಮುರಿಯುತ್ತಿತ್ತು.

ಒಂದು ವರ್ಷವಾದ ಮೇಲೆ ಹೊಸ ಫೋನು, ಹೊಸ ಆ್ಯಪ್ ಬಂದವು. ಹೊಸ ಫೋನು ಹನ್ನೆರಡೂವರೆಗೇ ಸಾಯುತ್ತದೆ. ಮನೆ ಮಾತ್ರ ನೂರ ಎಪ್ಪತ್ತೇ. ಮತ್ತೆ ಚಾರ್ಜರ್, ಮತ್ತೆ ಟೀ ಅಂಗಡಿ, ಮತ್ತೆ ಗೈರುಹಾಜರಿ. ಅಕ್ಕನನ್ನು ಒಂದು ಮಾತು ಕೇಳಿದರೆ ಹೇಗೆ ಅಂತ ನಮ್ಮವರೇ ಒಬ್ಬರು ಎತ್ತಿದರು. ನಿನ್ನ ಮೇಲೆ ಅವರಿಗೆ ಪ್ರೀತಿ ಇತ್ತು, ನೀನೇ ಹೋಗು ಅಂತ ನನ್ನನ್ನು ಮುಂದೆ ತಳ್ಳಿದರು. ನಾಚಿಕೆ ಬಿಟ್ಟು ಹೋದೆ.

ಅಕ್ಕ ಅಂಗಳದಲ್ಲಿ ಒಂದು ಕಿಟಕಿ ಚೌಕಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ತಲೆಗೂದಲ ಮೇಲೆಲ್ಲ ಮರದ ಪುಡಿ. ಭಾವ ನನ್ನನ್ನು ನೋಡಿ ಎದ್ದು ಒಳಗೆ ಹೋದರು, ಈ ಸಲ ಟೀ ಬರಲಿಲ್ಲ. ಹಿರಿಯಣ್ಣ ಹೇಗಿದ್ದಾರೆ ಗೊತ್ತಾ ಅಂತ ಅಕ್ಕ ಕೇಳಿದರು. ಗೊತ್ತಿಲ್ಲ ಅಂದೆ. ಮಗನ ಮನೆಯಲ್ಲಿದ್ದಾರೆ, ಹಾಸಿಗೆ ಹಿಡಿದಿದ್ದಾರೆ, ತಾನು ವಾರಕ್ಕೊಮ್ಮೆ ಹೋಗಿ ಬರುತ್ತೇನೆ ಅಂದರು. ನಾನು ಕಾಗದದ ವಿಷಯ ಎತ್ತಿ, ತಪ್ಪಾಯಿತು ಅಕ್ಕ ಅಂತ ಶುರು ಮಾಡಿದೆ. ಅವರು ಕೈ ನಿಲ್ಲಿಸಲಿಲ್ಲ.

"ಅದಕ್ಕೇ ಬಂದ್ಯಾ, ಇನ್ನೇನಾದರೂ ಇದೆಯಾ?"

ಸುಳ್ಳು ಹೇಳಬಹುದಿತ್ತು. ನನ್ನ ಕೈ ಆಗಲೇ ಜೇಬಿನಿಂದ ಹೊಸ ಫೋನನ್ನು ತೆಗೆದುಬಿಟ್ಟಿತ್ತು. ಅಕ್ಕ ಅದನ್ನು ತೆಗೆದುಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಒಂದು ಗಳಿಗೆ ಅವರ ಕಣ್ಣಿನಲ್ಲಿ ಹಳೆಯ ಆಸೆ ಆಡಿದ್ದನ್ನು ನಾನು ಕಂಡೆ. ಇದರ ಬೀಗ ತೆಗೆಯುವುದು ಕಷ್ಟ, ಆದರೂ ಆಗದ ಕೆಲಸವಲ್ಲ ಅಂದರು. ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಫೋನನ್ನು ನನ್ನ ಅಂಗೈಗೆ ವಾಪಸ್ ಇಟ್ಟರು.

"ನನ್ನಿಂದ ಆಗುತ್ತೆ, ತಮ್ಮ. ಆದರೆ ಮಾಡಲ್ಲ. ಸರಿ ಮಾಡಿಕೊಟ್ಟರೆ ನಿಮಗೆ ಇನ್ನೂರು ಮನೆ ಕೊಡ್ತಾರೆ. ಆಗಲೂ ನೀವು ಬೈಯೋದು ನನ್ನನ್ನೇ."

ನಾನು ಏನೋ ಹೇಳಲು ಹೊರಟೆ. ಅವರು ಚೌಕಟ್ಟನ್ನು ಮಗ್ಗುಲು ತಿರುಗಿಸಿ ಉಜ್ಜತೊಡಗಿದರು. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ನಮ್ಮವರು ನಾಲ್ಕು ಜನ ಕಾಯುತ್ತಿದ್ದರು. ಏನಂದರು ಅಂತ ಕೇಳಿದರು.

ಮನೆಯಲ್ಲಿರಲಿಲ್ಲ ಅಂದೆ.