ರಾಕೆಟ್ ಇನ್ನೂ ಹಾರಿಲ್ಲ ಎಂದವನು

"ಸಾರೇ, ರಾಕೆಟ್ ಪೋಯಲ್ಲೋ!" ರಾಕೆಟ್ ಹೋಯ್ತಲ್ಲ ಎಂದು ಮಲಯಾಳದಲ್ಲಿ ಕೂಗುತ್ತ ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಪಾಯಸದ ಬಟ್ಟಲು ಹಿಡಿದು ಓಡಿ ಬಂದರು. ನಮ್ಮ ಕಂಪ್ಯೂಟರಿನ ನೇರ ಪ್ರಸಾರದಲ್ಲಿ ಎಣಿಕೆ ಇನ್ನೂ ಒಂಬತ್ತರಲ್ಲಿತ್ತು. ನಾನೋ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ನೌಕರ. ಇನ್ನೂ ಹಾರಿಲ್ಲವೆಂದು ಗಂಭೀರವಾಗಿ ತಿದ್ದಿದೆ. ಸಾರೇ ಹೇಳಿದ ಮೇಲೆ ಮುಗಿಯಿತಲ್ಲ, ಚೇಚಿ ಬಟ್ಟಲಿನ ಸಮೇತ ವಾಪಸಾದರು.

"ಅವ್ರ ಮನೆ ಟೀವೀಲಿ ಆಗ್ಲೇ ಚಪ್ಪಾಳೆ ಹೊಡೀತಿದಾರೆ, ಕೇಳಿಸ್ಕೊಳ್ರೀ!" ಎಂದಳು ಹೆಂಡತಿ. ನಮ್ಮ ಪರದೆಯಲ್ಲಿ ಇಂಟರ್ನೆಟ್ಟಿನ ಚಕ್ರ ಸುತ್ತುತ್ತಲೇ ಇತ್ತು, ಒಂಬತ್ತು ಇನ್ನೂ ಎಂಟಾಗಿರಲಿಲ್ಲ. ಸಿನಿಮಾಕ್ಕೂ ಮಗಳ ಗೇಮಿಗೂ ಇದೊಂದೇ ಸಾಕೆಂದು, ಊರಾಚೆಯ ಈ ಹಳ್ಳಿಮನೆಗೆ ಇಂಟರ್ನೆಟ್ ಹಾಕಿಸಿ, ಕೇಬಲ್ ಟೀವಿ ತೆಗೆಸಿದ್ದ ಜಾಣ ನಾನೇ.

ಮರುದಿನವೇ ಕೇಬಲ್ ವಾಪಸ್ ಬಂತು. ಪಾಯಸ ಬರಲಿಲ್ಲ.