ಬೋರಲು ಮಲಗಿದ ರುದ್ರಪ್ಪನವರು

...ಅಥವಾ ಅದು ಶಿಕಾರಿಪುರದ ಶಾಲೆಯೇ ಅಲ್ಲವೇನೋ. ಕೆನ್ನೆಗೆ ತಾಗಿದ ತಣ್ಣನೆಯ ನೆಲವಷ್ಟೇ ನನಗೆ ಖಾತ್ರಿ. ಊರನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ನೀವೂ ನನ್ನನ್ನು ಪೂರ್ತಿ ನಂಬಬೇಡಿ. ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ, ಹೃದಯ ನಿಂತವರನ್ನು ಉಳಿಸುವ ಬಗೆಯನ್ನು ಕಲಿಸಲು ಬಂದ ಹುಡುಗಿ ರಬ್ಬರಿನ ಗೊಂಬೆಯೊಂದನ್ನು ಅಂಗಾತ ಮಲಗಿಸಿದಳು. ನನಗೆ ಬೋರಲು ಮಲಗಿದ ರುದ್ರಪ್ಪನವರು ನೆನಪಾದರು.

ಐವತ್ತರ ದಶಕದ ಕೊನೆ. ನಾನು ಸೊರಬಕ್ಕೆ ಹೊಸ ಮೇಷ್ಟರು, ರುದ್ರಪ್ಪನವರ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಅಣ್ಣ ಅದೇ ಅಂಗಡಿಯಲ್ಲಿ ಗಜಕೋಲು ಹಿಡಿದುಕೊಂಡೇ ಕುಸಿದು ತೀರಿಕೊಂಡಿದ್ದರು. ಸುತ್ತ ನೆರೆದವರು ಗಾಳಿ ಬೀಸಿದ್ದರು, ಈರುಳ್ಳಿ ಮೂಸಿಸಿದ್ದರು, ಅಷ್ಟೆ. ಈಗ ರುದ್ರಪ್ಪನವರಿಗೂ ಆಗಾಗ ಎದೆ ಹಿಡಿಯುತ್ತಿತ್ತು. ಶಿಕಾರಿಪುರದ ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಕಲಿಸುತ್ತಾರೆಂದು ಕೇಳಿದ್ದೇ ತಡ, ಅವರ ಹೆಂಡತಿ ಗೌರಮ್ಮ ಗಂಡನನ್ನು ಬಸ್ಸು ಹತ್ತಿಸಿದರು. ಜೊತೆಗೆ ನನ್ನನ್ನೂ.

ಆಗಿನ ಪಾಠವೇ ಬೇರೆ. ಉಸಿರು ನಿಂತವನನ್ನು ಬೋರಲು ಮಲಗಿಸಿ, ತಲೆಯ ಬಳಿ ಮಂಡಿಯೂರಿ, ಬೆನ್ನು ಒತ್ತಿ, ಮೊಣಕೈ ಎತ್ತಬೇಕು. ರುದ್ರಪ್ಪನವರು ಮಲಗಲು ಒಪ್ಪಲಿಲ್ಲ. ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ನೆಲಕ್ಕೆ ಒತ್ತುವುದುಂಟೆ? ಮೈಯಿಂದ ತೆಗೆದಿಡುವುದಂತೂ ಆಗದ ಮಾತು. ಹೀಗಾಗಿ ಹೆಣದ ಪಾತ್ರ ನನಗೆ ಬಂತು. ಸಹಜವಾಗಿ ಮಾಡಿದೆನೆಂದು ಎಲ್ಲರೂ ಹೊಗಳಿದರು.

ವಾಪಸು ಬಂದು ವರದಿ ಒಪ್ಪಿಸಿದಾಗ ಗೌರಮ್ಮ ಕೇಳಿದ್ದು ಒಂದೇ ಮಾತು. "ಅಲ್ರೀ, ಎದೆನೋವು ಬರೋದೂ ನಿಮಗೆ, ಕಲ್ತು ಬಂದೋರೂ ನೀವೆ. ಉಸ್ರು ನಿಂತ್ರೆ ನಿಮ್ ಬೆನ್ನು ನೀವೇ ಒತ್ಕಳ್ತೀರಾ?"

ಕಳಿಸಿದವರು ಯಾರೆಂದು ಕೇಳುವ ಧೈರ್ಯ ರುದ್ರಪ್ಪನವರಿಗೂ ಇರಲಿಲ್ಲ, ನನಗೂ.

ಅಂದಿನಿಂದ ಸಂಜೆಯ ಹೊತ್ತು ಗಂಡ ಪಾಠ ಹೇಳುವುದು, ಹೆಂಡತಿ ಕಲಿಯುವುದು. ಲಿಂಗದ ತೊಡಕನ್ನು ಗೌರಮ್ಮನೇ ಬಿಡಿಸಿದರು: ಕರಡಿಗೆಯನ್ನು ಮೇಲೆತ್ತಿ ಗಂಡನ ತಲೆಯ ಮೇಲಿಟ್ಟು ರುಮಾಲು ಸುತ್ತಿ ಕಟ್ಟಿದರು. ಆಮೇಲೆ ಜಮಖಾನದ ಮೇಲೆ ಒತ್ತುವ ಕೆಲಸ. ಬೆನ್ನಿಗೆ ಹಿತವಾಗಿ ರುದ್ರಪ್ಪನವರು ನಿದ್ದೆ ಹೋಗುತ್ತಿದ್ದರು. "ಸತ್ತೋರು ಗೊರಕೆ ಹೊಡೀಬಾರ್ದು ಕಣ್ರೀ" ಎಂದು ಗೌರಮ್ಮ ಎಬ್ಬಿಸುತ್ತಿದ್ದರು.

ಒಂದು ಮಧ್ಯಾಹ್ನ ಆನವಟ್ಟಿಯ ಗಿರಾಕಿಗೆ ಪಂಚೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದ ರುದ್ರಪ್ಪನವರು ಹಾಗೇ ವಾಲಿ ಬಿದ್ದರು. ಗಿರಾಕಿ ಕೂಗಿಕೊಂಡ. ನಾನು ಹಿಂದಿನ ಕೋಣೆಯಿಂದ ಬರುವಷ್ಟರಲ್ಲಿ ಗೌರಮ್ಮ ರುಮಾಲು ಹುಡುಕುತ್ತಿದ್ದರು. ಸಿಕ್ಕಿತು. ಕರಡಿಗೆ ತಲೆಗೇರಿಸಿ, ದಿನಾ ಸಂಜೆ ಸುತ್ತುವಂತೆಯೇ ಸುತ್ತು ಹಾಕತೊಡಗಿದರು. ಬೇಗ ಬೇಗ ಎಂದು ನಾನು ಚಡಪಡಿಸಿದೆ.

"ಸುಮ್ನಿರಿ ಮೇಷ್ಟ್ರೇ. ಇದು ಮೊದ್ಲು."

ಗಂಟು ಬಿಗಿದಾದ ಮೇಲೆ ಬೋರಲು ಹಾಕಿ ಒತ್ತಿದರು. ಮೊಣಕೈ ಎತ್ತಿದರು, ಮತ್ತೆ ಒತ್ತಿದರು. ಎಷ್ಟೋ ಹೊತ್ತಿಗೆ ರುದ್ರಪ್ಪನವರು ಕೆಮ್ಮಿದರು.

ಆಮೇಲೂ ಬಹಳ ವರ್ಷ ಬದುಕಿದ್ದರು. ಗೌರಮ್ಮ ಒಳಗೆ ಹೋದಾಗೆಲ್ಲ ನನ್ನ ಕಿವಿಯಲ್ಲಿ ಹೇಳುತ್ತಿದ್ದರು: "ರುಮಾಲು ಸುತ್ತೋವಾಗ್ಲೇ ಎಚ್ಚರ ಇತ್ತು ಮೇಷ್ಟ್ರೇ. ಎದ್ರೆ ಬೈತಾಳೆ ಅಂತ ಸುಮ್ನಿದ್ದೆ." ತುಟಿ ನೀಲಿಗಟ್ಟಿತ್ತೆಂದು ಗೌರಮ್ಮ. ನನ್ನ ನೆನಪಿನಲ್ಲಿ ಆ ತುಟಿ ಕೆಲವು ದಿನ ನೀಲಿ, ಕೆಲವು ದಿನ ಬರೀ ಎಲೆಅಡಿಕೆಯ ಕೆಂಪು.

ಬೆನ್ನು ಒತ್ತುವ ವಿಧಾನ ಎಂದೋ ಹೋಯಿತು, ನಿಂತ ಹೃದಯಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂದಳು ಇವತ್ತಿನ ಹುಡುಗಿ. ನನ್ನ ಸರದಿ ಬಂತು. ಮಂಡಿಯೂರಿದೆ. ಕೈ ತನ್ನಷ್ಟಕ್ಕೆ ಗೊಂಬೆಯ ಕೊರಳ ಬಳಿ ತಡಕಾಡಿತು.

"ಏನ್ ಹುಡುಕ್ತಿದೀರಾ ತಾತ? ಹೊತ್ತು ಕಳೀಬೇಡಿ."

ಎದೆಯ ನಡುವೆ, ಕರಡಿಗೆ ಇರುತ್ತಿದ್ದ ಜಾಗದಲ್ಲೇ, ಅಂಗೈ ಊರಿ ಒತ್ತಿದೆ. ರುದ್ರಪ್ಪನವರ ಉಸಿರು ಆ ದಿನ ನಿಂತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.