ವಾಗಿರಾನನ ಜೀಪು

ಸುಮಾತ್ರಾದ ಆ ಎಣ್ಣೆತಾಳೆ ತೋಟಗಳ ದಾರಿಯಲ್ಲಿ ಮಳೆ ಬಿತ್ತೆಂದರೆ ಲಾರಿ ಹೂತುಕೊಳ್ಳುತ್ತಿತ್ತು. ಲಾರಿ ಹೂತಿತೆಂದರೆ ವಾಗಿರಾನನ ಹಳೇ ಜೀಪಿಗೆ ಕರೆ ಬರುತ್ತಿತ್ತು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಅದೇ ಗುಂಡಿ, ಅದೇ ಡ್ರೈವರ್ ಸುರೊತೊ.

"ಬಲಕ್ಕೆ ಹಿಡಿ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಂಗೆ?"

"ಬಲಕ್ಕೇ ಹಿಡಿದೆ ದೊಡ್ಡಪ್ಪ, ಲಾರಿ ಕೇಳ್ಲಿಲ್ಲ."

ಹಾಳಾಗಿ ಹೋಗು ಎಂದು ಮನೆಗೆ ತಿರುಗುವಂತಿರಲಿಲ್ಲ. ಅಕ್ಕಪಕ್ಕದ ತೋಟಗಳ ಹಣ್ಣಿನ ಜೊತೆ ವಾಗಿರಾನನ ಇಡೀ ಕೊಯ್ಲೂ ಆ ಲಾರಿಯಲ್ಲಿತ್ತು. ಸಂಜೆಯೊಳಗೆ ಗಿರಣಿ ಸೇರದಿದ್ದರೆ ಹಣ್ಣು ಕೆಡುತ್ತಿತ್ತು.

"ನನ್ನ ಗೊನೆಗಳನ್ನಾದ್ರೂ ಇಳಿಸ್ಕೊಡು, ಜೀಪಲ್ಲೇ ಸಾಗಿಸ್ತೀನಿ."

"ಅವು ಎಲ್ಲದಕ್ಕಿಂತ ಅಡಿಯಲ್ಲಿವೆ, ದೊಡ್ಡಪ್ಪ."

ವಾಗಿರಾನ್ ಗೊಣಗುತ್ತಲೇ ಕೆಸರು ತೋಡಿ, ಚಕ್ರದಡಿ ತಾಳೆಗರಿ ತುರುಕಿ, ಹಗ್ಗ ಬಿಗಿದು ಜೀಪು ಹತ್ತಿದ. ಮೂರನೆಯ ಎಳೆತಕ್ಕೆ ಲಾರಿ ನರಳುತ್ತಾ ಮೇಲೆ ಬಂತು.

"ಪ್ರತಿ ಸಲ ನನ್ನ ಗೊನೆನೇ ಯಾಕೋ ಅಡಿಗೆ ಬೀಳೋದು?"

ಸುರೊತೊ ಕಿಟಕಿಯಿಂದ ನಕ್ಕ. "ಮೇಲಿದ್ರೆ ಇಳಿಸ್ಕೊಂಡು ಹೋಗ್ಬಿಡ್ತೀರಲ್ಲ. ಅದಕ್ಕೇ ಮಳೆಗಾಲದಲ್ಲಿ ಮೊದಲು ನಿಮ್ಮ ತೋಟಕ್ಕೇ ಬರೋದು."

ವಾಗಿರಾನ್ ಕೆಸರಾದ ಹಗ್ಗವನ್ನು ಸುತ್ತಿ ಪಕ್ಕದ ಸೀಟಿಗೆ ಎಸೆದ. "ಸೇತುವೆ ಹತ್ರ ಇನ್ನೊಂದು ಗುಂಡಿ ಇದೆ, ಎಡಕ್ಕೆ ಹಿಡಿ" ಎಂದವನು, ಮನೆಗೆ ಹೋಗದೆ ಜೀಪನ್ನು ಲಾರಿಯ ಹಿಂದೆಯೇ ಓಡಿಸಿದ.